ಬದನೆಕಾಯಿಗೆ ಮನೆತನ ನೋಡುವ ಅತ್ತೆ

ಬಂದ ಗಿರಾಕಿಯನ್ನು ಬೈದು ಕಳಿಸಿಯೂ ಅಂಗಡಿ ನಡೆಸಬಹುದು ಎಂಬುದಕ್ಕೆ ಈ ಭೂಮಂಡಲದಲ್ಲಿ ಒಂದೇ ಒಂದು ಸಾಕ್ಷಿ ಇದೆ. ಆ ಸಾಕ್ಷಿ ಬೀರೂರಿನಿಂದ ಅಜ್ಜಂಪುರಕ್ಕೆ ಹೋಗುವ ರಸ್ತೆಯ ಎಡಬದಿಯಲ್ಲಿ, ಬೇವಿನ ಮರದ ಪಕ್ಕ, ತೆಂಗಿನ ಗರಿ ಹೊದಿಸಿದ ಚಪ್ಪರದ ಕೆಳಗೆ ಕಾಲು ಚಾಚಿಕೊಂಡು ಕೂತಿರುತ್ತದೆ. ಅದು ನನ್ನ ಅತ್ತೆ!

ಅತ್ತೆ ಎಂದರೆ ಅಪ್ಪನ ತಂಗಿ. ಹೆಂಡತಿಯ ತಾಯಿ ಎಂದುಕೊಂಡು ಯಾರೂ ಕಣ್ಣರಳಿಸಬೇಡಿ. ಆ ಅತ್ತೆಯ ಬಗ್ಗೆ ಬರೆಯುವಷ್ಟು ಎದೆಗಾರಿಕೆ ನನಗಿಲ್ಲ. ಈ ಅತ್ತೆಯನ್ನು ನಾನು ಏಕವಚನದಲ್ಲೇ ಮಾತಾಡಿಸುವುದು. ಒಮ್ಮೆ ನಾಲ್ಕು ಜನರ ಎದುರು ಮರ್ಯಾದೆಯಿರಲಿ ಎಂದು "ಬನ್ನಿ ಅತ್ತೆ" ಅಂದದ್ದಕ್ಕೆ, "ಯಾಕೋ? ನಾನೇನು ಅಮಲ್ದಾರನಾ, ಬನ್ನಿ ಹೋಗಿ ಅನ್ನೋಕೆ?" ಎಂದು ಆ ನಾಲ್ಕು ಜನರ ಎದುರೇ ನನ್ನ ಮರ್ಯಾದೆ ಕಳೆದಳು. ಅಂದಿನಿಂದ ಬಹುವಚನವನ್ನು ನನ್ನ ಕನ್ನಡಕದ ಅಂಗಡಿಗೆ ಬರುವ ಗಿರಾಕಿಗಳಿಗೆ ಮಾತ್ರ ಮೀಸಲಿಟ್ಟಿದ್ದೇನೆ. ಬೀರೂರಿನಲ್ಲಿ ನನ್ನದೊಂದು ಪುಟ್ಟ ಕನ್ನಡಕದ ಅಂಗಡಿಯಿದೆ. ಗಿರಾಕಿಯನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದು ನನಗೂ ಅಷ್ಟಿಷ್ಟು ಗೊತ್ತು. ಅತ್ತೆಗೆ ಗೊತ್ತಿರುವುದು ಅದರ ತದ್ವಿರುದ್ಧ.

ಅತ್ತೆ ತನ್ನ ಹೊಲದಲ್ಲಿ ಬೆಳೆದದ್ದನ್ನು ಮಾತ್ರ ಮಾರುತ್ತಾಳೆ. ಬದನೆಕಾಯಿ, ಬೆಂಡೆಕಾಯಿ, ಹೀರೇಕಾಯಿ, ಮೂಲಂಗಿ, ಕುಂಬಳಕಾಯಿ, ಕಾಲಕ್ಕೆ ತಕ್ಕ ಹಾಗೆ ಅವರೆಕಾಯಿ. ಅಂಗಡಿಯ ಬೆನ್ನಿಗೇ ಹೊಲ, ಹೊಲದ ಆಚೆ ಮನೆ. ಗಿರಾಕಿ ನಿಂತ ಜಾಗದಿಂದ ಗಿಡ ಕಾಣಬೇಕು, ಗಿಡ ನಿಂತ ಜಾಗದಿಂದ ಗಿರಾಕಿ ಕಾಣಬೇಕು ಎಂಬುದು ಅವಳ ಸಿದ್ಧಾಂತ. ಯಾರ ಮನೆ ಸೇರುತ್ತಿದ್ದೇನೆ ಎಂದು ಕಾಯಿಗೂ ತಿಳಿಯಬೇಡವೆ?

ಅದರಲ್ಲೂ ಬದನೆಕಾಯಿ ಬೇಕೆಂದರೆ ಮೊದಲು ಪರೀಕ್ಷೆ ಪಾಸಾಗಬೇಕು. ನಮ್ಮ ಕಡೆ ಹೆಣ್ಣು ಕೊಡುವಾಗ ಕೇಳುವ ಅಷ್ಟೂ ಪ್ರಶ್ನೆಗಳನ್ನು ಅತ್ತೆ ಬದನೆಕಾಯಿ ಕೊಡುವಾಗ ಕೇಳುತ್ತಾಳೆ. ಯಾವೂರು? ಮನೇಲಿ ಎಷ್ಟು ಜನ? ಅಡುಗೆ ಯಾರು ಮಾಡೋದು? ಎಣ್ಣೆಗೆ ಕೈ ಬಿಗಿ ಹಿಡಿಯೋರಲ್ಲ ತಾನೆ? ಎಲ್ಲಕ್ಕೂ ಉತ್ತರ ಸರಿಯಾಗಿದ್ದರೆ ಮಾತ್ರ ಅವಳ ಕೈ ತಕ್ಕಡಿಯ ಕಡೆ ಹೋಗುವುದು.

ಒಂದು ಭಾನುವಾರ ಬೈಕಿನಲ್ಲಿ ಹೊಸ ಜೋಡಿಯೊಂದು ಬಂದಿಳಿಯಿತು. ಹುಡುಗಿ ಬುಟ್ಟಿಯ ಮುಂದೆ ಕೂತು, "ಅರ್ಧ ಕೇಜಿ ಬದನೆಕಾಯಿ ಕೊಡಿ ಆಂಟಿ" ಅಂದಳು. ಅತ್ತೆ ಕಾಯಿ ಆರಿಸಿ ತಕ್ಕಡಿಗೆ ಹಾಕುತ್ತಾ ಕೇಳಿದಳು:

"ಇವತ್ತು ರಾತ್ರಿಗೋ, ನಾಳೆ ಬೆಳಿಗ್ಗೆಗೋ?"

"ಇಲ್ಲ ಆಂಟಿ, ಫ್ರಿಜ್ಜಲ್ಲಿ ಇಟ್ಕೊಂಡು ಮುಂದಿನ ವಾರ ಮಾಡ್ಕೋತೀವಿ."

ಅತ್ತೆ ತಕ್ಕಡಿಯಲ್ಲಿದ್ದ ಕಾಯಿಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಬುಟ್ಟಿಗೆ ಇಟ್ಟಳು. "ಮುಂದಿನ ವಾರ ಮಾಡೋದಾದ್ರೆ ಮುಂದಿನ ವಾರ ಬಾಮ್ಮ. ಇವು ಇವತ್ತು ಉಣ್ಣೋರಿಗೆ. ನಿನ್ ಪಾಲಿಂದು ಅಲ್ಲೀಗಂಟ ಗಿಡದಲ್ಲೇ ಇರ್ಲಿ, ಅಲ್ಲೂ ತಣ್ಣಗೇ ಐತೆ."

ಹುಡುಗ ಹೆಲ್ಮೆಟ್ಟಿನೊಳಗೇ ನಕ್ಕ. ಹುಡುಗಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಮುಂದಿನ ವಾರ ಆ ಜೋಡಿ ನಿಜಕ್ಕೂ ಬಂತು! ಅದು ಹೇಗೆ ಎಂಬುದು ವ್ಯಾಪಾರ ಮಾಡುವ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಾನು ಹೀಗೆ "ಓದೋದು ಯಾವಾಗ? ಮುಂದಿನ ವಾರವಾ? ಹಾಗಾದ್ರೆ ಕನ್ನಡಕಕ್ಕೆ ಮುಂದಿನ ವಾರ ಬನ್ನಿ" ಅಂದರೆ ಗಿರಾಕಿ ನೇರ ಪಕ್ಕದ ಅಂಗಡಿ ಹತ್ತುತ್ತಾನೆ.

ಹೀಗೆ ಬೈಸಿಕೊಳ್ಳಲು ಕಡೂರಿನವರು ನಿಲ್ಲುತ್ತಾರೆ, ತರೀಕೆರೆಯವರು ನಿಲ್ಲುತ್ತಾರೆ, ಹಿರೇನಲ್ಲೂರಿನಲ್ಲಿ ನೆಂಟರ ಮನೆಗೆ ಬಂದವರು ಸುತ್ತು ಹಾಕಿಕೊಂಡು ಬಂದು ನಿಲ್ಲುತ್ತಾರೆ. ದಿನಾ ಆ ದಾರಿಯಲ್ಲಿ ಹೋಗಿಯೂ ನಿಲ್ಲದವರು ಒಬ್ಬರೇ. ನನ್ನ ಅಪ್ಪ.

ಆ ಕಥೆಗೆ ಬರುತ್ತೇನೆ. ಅದಕ್ಕೆ ಮುಂಚೆ ಬೆಂಡೆಕಾಯಿಯ ವಿಷಯ ಮುಗಿಸಿಬಿಡುತ್ತೇನೆ.

ಬೆಂಡೆಕಾಯಿ ಎಳೆಯದೋ ಬಲಿತದ್ದೋ ನೋಡಲು ತುದಿ ಮುರಿಯುವುದು ಸಂತೆಯಲ್ಲಿ ಎಲ್ಲರಿಗೂ ಇರುವ ಅಭ್ಯಾಸ. ನನಗೂ ಇದೆ. ಒಂದು ದಿನ ಕಂಕುಳಲ್ಲಿ ಫೈಲು ಇಟ್ಟುಕೊಂಡ ಭಾರೀ ಮನುಷ್ಯರೊಬ್ಬರು ಬಂದು, ಮಾತಿಲ್ಲ ಕತೆಯಿಲ್ಲ, ಪಟ್ ಪಟ್ ಎಂದು ಒಂದೊಂದೇ ಬೆಂಡೆಕಾಯಿಯ ತುದಿ ಮುರಿಯತೊಡಗಿದರು. ಅತ್ತೆ ಸುಮ್ಮನೆ ನೋಡುತ್ತಿದ್ದವಳು ಕೈ ಮುಂದೆ ಚಾಚಿದಳು.

"ಎಲ್ಲಿ ಸ್ವಾಮಿ, ನಿಮ್ ಕಿರುಬೆರಳು ಕೊಡಿ ಇಲ್ಲಿ."

"ಯಾಕಮ್ಮಾ?"

"ತುದಿ ಮುರಿದು ನೋಡ್ತೀನಿ. ನೀವು ಎಳಸೋ ಬಲಿತಿದ್ದೋ ನಂಗೂ ಗೊತ್ತಾಗ್ಬೇಕಲ್ಲ!"

ಆ ಮನುಷ್ಯರು ಕೈ ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಫೈಲು ಮೂಲಂಗಿ ರಾಶಿಯ ಮೇಲೆ ಬಿತ್ತು. ತುದಿ ಮುರಿದಿದ್ದ ಅಷ್ಟನ್ನೂ ತೂಗಿಸಿಕೊಂಡು, ಕಿರುಬೆರಳನ್ನು ಜೋಪಾನವಾಗಿ ಮಡಚಿಕೊಂಡು ಹೋದರು.

ಇಷ್ಟು ಜೋರಿನ ಹೆಂಗಸು ಜಿಪುಣಿ ಇರಬೇಕು ಅಂದುಕೊಂಡರೆ ನೀವು ಕೆಟ್ಟಿರಿ. ಚೌಕಾಸಿಗೆ ಬಗ್ಗದ ಅತ್ತೆ ಕೊಸರಿಗೆ ಮಾತ್ರ ಕರ್ಣ. ತೂಗಿ ಆದ ಮೇಲೆ ಮೇಲಿಷ್ಟು ಹಾಕುವುದು ನಮ್ಮ ಸಂತೆಗಳ ಹಳೆಯ ಮರ್ಯಾದೆ. ಕೊಳ್ಳುವವರು ಕೇಳಬೇಕು, ಮಾರುವವರು ಗೊಣಗಿಕೊಂಡು ಹಾಕಬೇಕು. ಅತ್ತೆಯ ಹತ್ತಿರ ಕೇಳದಿದ್ದರೆ ಅವಮಾನ! ತೂಕದ ತರಕಾರಿಗಿಂತ ಕೊಸರೇ ಒಂದು ಹಿಡಿ ಜಾಸ್ತಿ ಇರುತ್ತದೆ. ಅವಳ ಲೆಕ್ಕದಲ್ಲಿ ತೂಗಿದ್ದು ವ್ಯಾಪಾರ, ಕೊಸರು ಮನೆತನ.

ಇದು ಕಾರಿನವರಿಗೆ ತಿಳಿಯುವುದಿಲ್ಲ. ಒಂದು ಸಂಸಾರ ತರಕಾರಿ ತೂಗಿಸಿಕೊಂಡು, ಫೋನು ಹಿಡಿದು ದುಡ್ಡು ಹಾಕಿ, ಕೊಸರು ಕೇಳದೆ ಕಾರು ಹತ್ತಿತು. ಅತ್ತೆ ಎರಡು ಹೀರೇಕಾಯಿ ಎತ್ತಿಕೊಂಡು, "ಅಯ್ಯೋ ನಿಂತ್ಕಳ್ರೀ! ಹಂಗೇ ಹೋಗ್ತೀರಲ್ರೀ!" ಎಂದು ಕೂಗುತ್ತಾ ಹಿಂದೆ ಓಡಿದಳು. ಸೀರೆ ಎತ್ತಿ ಕಟ್ಟಿ, ದೊಣ್ಣೆಯಂಥ ಹೀರೇಕಾಯಿಗಳನ್ನು ಎರಡು ಕೈಯಲ್ಲಿ ಬೀಸುತ್ತಾ ಹೆಂಗಸೊಬ್ಬಳು ಅಟ್ಟಿಸಿಕೊಂಡು ಬಂದರೆ ನೀವಾದರೂ ನಿಲ್ಲಿಸುತ್ತೀರಾ? ಕಾರು ಶರವೇಗದಲ್ಲಿ ಹೋಯ್ತು. ಅತ್ತೆ ಏದುಸಿರು ಬಿಡುತ್ತಾ ವಾಪಸು ಬಂದು, "ಕಾಲ ಕೆಟ್ಟೋಯ್ತು ಕಣೋ. ಕೊಡ್ತೀನಿ ಅಂದ್ರೂ ಓಡೋಗ್ತಾರೆ" ಎಂದು ನಿಟ್ಟುಸಿರಿಟ್ಟಳು.

ದುಡ್ಡು ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆಯೊಂದನ್ನು ನಾನೇ ತಂದು ಇಟ್ಟಿದ್ದೆ. ಅತ್ತೆ ಮಾರನೇ ದಿನವೇ ಅದಕ್ಕೆ ಟವೆಲ್ ಸುತ್ತಿ ಕುಂಬಳಕಾಯಿಗಳ ನಡುವೆ ಹೂತಿಟ್ಟಳು. ಯಾಕೆ ಎಂದರೆ, "ಯಾರು ಎಷ್ಟು ಕೊಟ್ರು ಅಂತ ರಸ್ತೆಗೆಲ್ಲ ಡಂಗುರ ಹೊಡೀತದಲ್ಲೋ ಮುಂಡೇದು! ನಾಚಿಕೆ ಬ್ಯಾಡ್ವಾ ಅದಕ್ಕೆ?" ಈಗ ಆ ಪೆಟ್ಟಿಗೆ ಮಾತಾಡಿದರೆ ಕುಂಬಳಕಾಯಿಯೇ ಮುಲುಗಿದ ಹಾಗೆ ಕೇಳುತ್ತದೆ.

ಇನ್ನು ಕೊಯ್ಯಲು ಏನೂ ಇಲ್ಲದ ದಿನ? ಆ ದಿನವೂ ಅಂಗಡಿ ಉಂಟು! ಖಾಲಿ ಬುಟ್ಟಿಗಳನ್ನು ಸಾಲಾಗಿ ಬೋರಲು ಹಾಕಿ ಅತ್ತೆ ನಡುವೆ ಕೂತಿರುತ್ತಾಳೆ. "ಏನೂ ಇಲ್ಲದ ಮೇಲೆ ಯಾಕೆ ಕೂತಿದೀಯಾ ಅತ್ತೆ?" ಎಂದು ಕೇಳಿದೆ. "ಏನೂ ಇಲ್ಲ ಅಂತ ಹೇಳೋಕೆ ಒಬ್ರು ಬ್ಯಾಡ್ವೇನೋ? ಪಾಪ, ಅಷ್ಟು ದೂರದಿಂದ ಬಂದಿರ್ತಾರೆ" ಅಂದಳು. ಬಂದವರಿಗೆ ಇಲ್ಲ ಎಂದು ಹೇಳಿ ಒಂದೊಂದು ಲೋಟ ಮಜ್ಜಿಗೆ ಕೊಡುತ್ತಾಳೆ. ಅಂಗಡಿಯಲ್ಲಿ ಹೆಚ್ಚು ಜನ ಕೂತು ಹರಟುವುದು ಆವತ್ತೇ.

ಈಗ ಅಪ್ಪನ ಕಥೆ. ಅಂಗಡಿ ಹುಟ್ಟಿದ್ದೂ ಅಣ್ಣ ತಂಗಿಯರ ಮಾತು ನಿಂತದ್ದೂ ಒಂದೇ ದಿನ.

ಅದಕ್ಕೂ ಮುಂಚೆ ಅತ್ತೆ ಬೆಳೆದದ್ದನ್ನೆಲ್ಲ ಹಂಚುತ್ತಿದ್ದಳು. ಅವಳ ಬದನೆ ಗಿಡಗಳಿಗೆ ಹುಚ್ಚು ಹಿಡಿದಂತೆ ಕಾಯಿ ಬಿಟ್ಟ ಒಂದು ವರ್ಷ, ಊರಲ್ಲಿ ಪ್ರತಿ ಮನೆಗೂ ಮಡಿಲು ತುಂಬಿ ಕೊಟ್ಟಳು. ಕೊಟ್ಟ ಮನೆಗೇ ಮತ್ತೆ ಕೊಟ್ಟಳು. ಕೊನೆಗೆ ಜನ ಅತ್ತೆಯ ಸೀರೆಯ ಬಣ್ಣ ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಹೀಗಿರುವಾಗ ಒಂದು ದಿನ ಪಕ್ಕದ ಮನೆಯ ಕೊಟ್ಟಿಗೆಯಲ್ಲಿ, ದನದ ಬಾನಿಯೊಳಗೆ, ತಾನು ಬೆಳಿಗ್ಗೆ ಕೊಟ್ಟಿದ್ದ ಬದನೆಕಾಯಿಗಳು ತೇಲುತ್ತಿರುವುದನ್ನು ಕಣ್ಣಾರೆ ಕಂಡಳು. ಆವತ್ತು ಅತ್ತೆ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಎದ್ದು, "ಬಿಟ್ಟಿ ಕೊಟ್ರೆ ದನಕ್ಕೆ ಹಾಕ್ತಾರೆ. ಕಾಸು ಕೊಟ್ಟು ತಗಂಡ್ರೆ ಎಣ್ಣೆ ಹಾಕಿ ಬೇಯಿಸ್ತಾರೆ" ಎಂದು ಘೋಷಿಸಿ, ಮಾವನ ಕೈಯಲ್ಲಿ ನಾಲ್ಕು ಕಂಬ ನೆಡಿಸಿದಳು. ಮಾವ ಎಂದರೆ ಅತ್ತೆಯ ಗಂಡ. ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ. ಅದರಲ್ಲಿ ಮೂರು "ಹೂಂ".

ಸುದ್ದಿ ತಿಳಿದ ಅಪ್ಪ ಬೀರೂರಿನಿಂದ ಸ್ಕೂಟರಿನಲ್ಲಿ ಬಂದರು. ಹಿಂದೆ ನಾನು ಕೂತಿದ್ದೆ.

"ಮಠದ ದಾಸೋಹಕ್ಕೆ ಗಾಡಿಗಟ್ಲೆ ಕುಂಬಳಕಾಯಿ ಕಳಿಸಿದ ಮನೆ ನಮ್ದು" ಎಂದು ಅಪ್ಪ ಶುರುಮಾಡಿದರು. "ಊರಿಗೆ ತರಕಾರಿ ಕೊಟ್ಟಿದೀವಿ, ಮಾರಿಲ್ಲ. ಗೌಡ್ರ ಮನೆ ಹೆಣ್ಣುಮಗಳು ಬೀದೀಲಿ ಕೂತು ಬದನೆಕಾಯಿ ಮಾರೋದಾ?"

"ನೀನು ತೆಂಗಿನಕಾಯಿ ಮಾರಲ್ವೇನಣ್ಣ?"

"ಅದು ಬೇರೆ."

"ಹೆಂಗೆ ಬೇರೆ?"

"ಅದು... ಮಂಡಿಗೆ ಹೋಗ್ತದೆ. ಲಾರೀಲಿ."

"ಓಹೋ! ಲಾರೀಲಿ ಹೋದ್ರೆ ಮರ್ಯಾದೆ, ಕೈಚೀಲದಲ್ಲಿ ಹೋದ್ರೆ ಅವಮಾನ! ಸರಿ ಕಣಣ್ಣ, ಹಂಗಾದ್ರೆ ನಂಗೂ ಒಂದು ಲಾರಿ ಕೊಡ್ಸು."

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಅಪ್ಪ ಕೆಂಡವಾದರು. "ಈ ಅಂಗಡಿ ಎತ್ತೋವರೆಗೂ ನಿನ್ ಮನೆ ಹೊಸ್ತಿಲು ತುಳಿಯಲ್ಲ, ನೋಡ್ತಿರು" ಅಂದರು. "ನಾನು ಎತ್ತಲ್ಲ, ನೋಡ್ತಿರು" ಅಂದಳು ಅತ್ತೆ. ಹಠದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು ಎಂಬುದಕ್ಕೆ ಬೇರೆ ದಾಖಲೆ ಬೇಕಿರಲಿಲ್ಲ.

ಅಪ್ಪನ ತೆಂಗಿನ ತೋಟ ಇರುವುದು ಅದೇ ರಸ್ತೆಯಲ್ಲಿ, ಅತ್ತೆಯ ಅಂಗಡಿ ದಾಟಿ. ಆದ್ದರಿಂದ ದಿನಾ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಆ ಅಂಗಡಿಯ ಮುಂದೆ ಹೋಗಲೇಬೇಕು. ಎತ್ತಿನ ಗಾಡಿಗೂ ದಾರಿ ಬಿಟ್ಟುಕೊಟ್ಟು ಸಾಗುವ ಅಪ್ಪನ ಸ್ಕೂಟರು ಅಲ್ಲಿಗೆ ಬಂದ ಕೂಡಲೇ ರಾಕೆಟ್ಟಾಗುತ್ತಿತ್ತು. ಮುಖ ಪೂರ್ತಿ ಎದುರು ಬದಿಗೆ. ಎದುರು ಬದಿಯಲ್ಲಿ ಇದ್ದದ್ದು ಒಂದು ಬೀಳು ಜಮೀನು, ಒಂದು ಕರೆಂಟಿನ ಟ್ರಾನ್ಸ್‌ಫಾರ್ಮರ್. ಅಪ್ಪ ಆ ಟ್ರಾನ್ಸ್‌ಫಾರ್ಮರನ್ನು ನೋಡಿದಷ್ಟು ಶ್ರದ್ಧೆಯಿಂದ ಲೈನ್‌ಮನ್ ಕೂಡ ನೋಡಿರಲಾರ.

ಅತ್ತೆಯೇನು ಕಡಿಮೆಯೆ? ಸ್ಕೂಟರಿನ ಸದ್ದು ದೂರದಲ್ಲಿ ಕೇಳಿದರೆ ಸಾಕು, ಚಾಚಿದ ಕಾಲು ಮಡಚಿ, ಸೆರಗು ಸರಿಮಾಡಿಕೊಂಡು, ಒಳ್ಳೊಳ್ಳೆಯ ಬದನೆಕಾಯಿಗಳನ್ನು ರಸ್ತೆಯ ಕಡೆಗೆ ತಿರುಗಿಸಿ ಜೋಡಿಸುತ್ತಿದ್ದಳು. ಸ್ಕೂಟರು ದಾಟಿ ಹೋದ ಮೇಲೆ ಸ್ವಲ್ಪ ಹೊತ್ತು ಯಾರನ್ನೂ ಬೈಯುತ್ತಿರಲಿಲ್ಲ. ಮೂರು ತಾಲ್ಲೂಕು ಅವಳ ಬೆಳೆಯನ್ನು ಹೊಗಳಿದರೂ ಅವಳಿಗೆ ಸಾಲದು; ಅಣ್ಣ ಒಬ್ಬ ಒಂದು ಸಲ ಇತ್ತ ನೋಡಬೇಕಿತ್ತು. ಅಷ್ಟೇ ಅವಳ ಆಸೆ. ಅದನ್ನು ಅವಳು ಬಾಯಿಬಿಟ್ಟು ಹೇಳುವವಳಲ್ಲ. ಬದಲಿಗೆ ನನ್ನ ಹತ್ತಿರ ಹೀಗನ್ನುತ್ತಿದ್ದಳು:

"ನಿಮ್ಮಪ್ಪಂಗೆ ಹೇಳು, ಹಿಂದಿನ ಟೈರು ಸವೆದೈತೆ. ಬಿದ್ದು ಕಾಲು ಮುರ್ಕಂಡ್ರೆ ನಾನು ನೋಡೋಕೆ ಬರಲ್ಲ ಅಂತಲೂ ಹೇಳು."

ನಾನು ಮನೆಗೆ ಬಂದು, "ಅಪ್ಪಾ, ಟೈರು ಸವೆದಿದೆಯಂತೆ" ಅಂದೆ.

"ಅಂತೆ ಅಂದ್ರೆ? ಯಾರಂತೆ?"

"ಯಾರೂ ಇಲ್ಲ, ನಾನೇ ನೋಡಿದೆ."

ಮಾರನೆಯ ದಿನವೇ ಅಪ್ಪ ಟೈರು ಬದಲಾಯಿಸಿದರು. ನಾನು ಹೇಳಿದ ಮಾತನ್ನು ಅಪ್ಪ ಅಷ್ಟು ಬೇಗ ಕೇಳಿದ್ದು ಜನ್ಮದಲ್ಲಿ ಅದೊಂದೇ ಸಲ.

ಅತ್ತೆಯ ಬದನೆಕಾಯಿ ನಮ್ಮ ಮನೆಗೆ ಭಾನುವಾರ ಭಾನುವಾರ ಕಳ್ಳಮಾಲಿನಂತೆ ಬರುತ್ತಿತ್ತು. ನನ್ನ ಹೆಂಡತಿ ಎಣ್ಣೆಗಾಯಿ ಮಾಡಿ ರೊಟ್ಟಿಯ ಜೊತೆ ಬಡಿಸುವಳು. ಅಪ್ಪ ಮೊದಲ ತುತ್ತಿಗೇ ಕಣ್ಣು ಮುಚ್ಚುವರು. ಆಮೇಲೆ ಕಣ್ಣು ತೆರೆದು, ಗಂಟಲು ಸರಿಮಾಡಿಕೊಂಡು, "ಎಲ್ಲಿಂದ ತಂದೆ?" ಎಂದು ಕೇಳುವರು.

"ಸಂತೆಯಿಂದ ಅಪ್ಪಾ."

"ಭಾನುವಾರ ಯಾವೂರ ಸಂತೆನೋ?"

ನಾನು ನೀರು ಕುಡಿಯುತ್ತಾ ಕೂರುತ್ತಿದ್ದೆ. ಅಪ್ಪ ಮುಂದೆ ಕೇಳುತ್ತಿರಲಿಲ್ಲ. ಇನ್ನೆರಡು ಕಾಯಿ ಹಾಕಿಸಿಕೊಳ್ಳುತ್ತಿದ್ದರು. ಊರಿನವರಿಗೆಲ್ಲ ಹತ್ತಿರದ್ದು ದೂರದ್ದು ಕಾಣಿಸುವ ಹಾಗೆ ಮಾಡುವ ನನಗೆ, ಹೆತ್ತ ಅಪ್ಪನಿಗೆ ರಸ್ತೆಯ ಒಂದು ಬದಿ ಕಾಣಿಸುವ ಹಾಗೆ ಮಾಡಲು ಆಗಲಿಲ್ಲವಲ್ಲ ಎಂದು ಬೇಸರವಾಗುತ್ತಿತ್ತು.

ಒಂದು ದಿನ ನನ್ನ ಅಂಗಡಿಗೆ ತರೀಕೆರೆಯ ಸಾಹೇಬರೊಬ್ಬರು ಕನ್ನಡಕ ಮಾಡಿಸಲು ಬಂದರು. ಮದುವೆ ಮನೆಗಳಿಗೆ ಬಿರಿಯಾನಿ ಮಾಡಿಕೊಡುವವರು. ಅಪ್ಪ ಮೂಲೆಯಲ್ಲಿ ಪೇಪರು ಓದುತ್ತಾ ಕೂತಿದ್ದರು. ಮಾತಿಗೆ ಮಾತು ಬಂದು ಸಾಹೇಬರು ಹೇಳಿದರು: "ಬಿರಿಯಾನಿ ಯಾರು ಬೇಕಾದ್ರೂ ಮಾಡ್ತಾರೆ ಕಣ್ರೀ. ಪಕ್ಕದಲ್ಲಿ ಬಡಿಸೋ ಬದನೆಕಾಯಿ ಗೊಜ್ಜು ಐತಲ್ಲ, ಅದ್ರಲ್ಲಿ ಗೊತ್ತಾಗೋದು ಕೈ. ಅಜ್ಜಂಪುರದ ರೋಡಲ್ಲಿ ಒಬ್ರು ಅಕ್ಕ ಅವ್ರೆ. ಅವ್ರ ಬದನೆಕಾಯಿ ಸಿಗ್ತದೋ ಇಲ್ವೋ ಕೇಳ್ಕೊಂಡೇ ನಾನು ಮದುವೆ ಒಪ್ಕೊಳ್ಳೋದು. ಮೊದಲನೇ ಸಲ ಹೋದಾಗ ಹೆಂಗೆ ಮಾಡ್ತೀರಾ ಅಂತ ಕೇಳಿದ್ರು. ಇಡೀ ಕಾಯಿ ಎಣ್ಣೇಲಿ ಹುರಿದು, ಕಡ್ಲೆಕಾಯಿ ಬೀಜ, ಎಳ್ಳು, ಹುಣಸೆಹುಳಿ ಅಂತ ಎಲ್ಲಾ ಹೇಳ್ದೆ. ಮುಗಿಯೋಗಂಟ ಕೇಳಿ, ಬುಟ್ಟಿ ಸಮೇತ ಎತ್ತಿ ಕೊಟ್ಬಿಟ್ರು!"

ಅಪ್ಪ ಪೇಪರಿನ ಹಿಂದಿನಿಂದಲೇ ಕೇಳಿದರು: "ಬೀಜ ಯಾವುದಂತೆ?"

"ಅವ್ರ ತವರುಮನೇದಂತ್ರೀ. ಅವ್ರಮ್ಮ ಹಿತ್ತಲಲ್ಲಿ ಹಾಕ್ತಿದ್ರಂತೆ."

ಪೇಪರು ಬಹಳ ಹೊತ್ತು ಅಲುಗಾಡಲಿಲ್ಲ. ಸಾಹೇಬರು ಎದ್ದು ಹೊರಟಾಗ ಅಪ್ಪ ನನ್ನ ಕಡೆ ನೋಡದೆಯೇ, "ಅವರಿಗೆ ಒಳ್ಳೇ ಫ್ರೇಮು ಹಾಕೋ" ಅಂದರು. ಮಾರನೆಯ ದಿನವೂ ಸ್ಕೂಟರು ಮಾತ್ರ ಟ್ರಾನ್ಸ್‌ಫಾರ್ಮರನ್ನೇ ನೋಡಿಕೊಂಡು ಹೋಯಿತು. ಒಪ್ಪಿಕೊಳ್ಳುವುದು ಬೇರೆ, ಇಳಿದು ಬರುವುದು ಬೇರೆ!

ಹೀಗೇ ಇದ್ದಾಗ ಆ ಭಾನುವಾರ ಬಂತು. ನಾನು ಅಂಗಡಿಯಲ್ಲಿ ಚೀಲ ತುಂಬಿಸಿಕೊಳ್ಳುತ್ತಿದ್ದೆ. ಎದುರಿಗೆ ಕಾರಿನಿಂದಿಳಿದ ಒಬ್ಬ ಕರಿ ಕನ್ನಡಕದವನು ಅತ್ತೆಯ ಜೊತೆ ಜಟಾಪಟಿಗೆ ನಿಂತಿದ್ದ. ರಾಶಿಯಲ್ಲಿ ಚಿಕ್ಕ ಚಿಕ್ಕ ಕಾಯಿಗಳನ್ನಷ್ಟೇ ಆರಿಸಿಕೊಳ್ಳುತ್ತೇನೆ ಎಂದು ಅವನು, ದೊಡ್ಡವೂ ನನ್ನ ಹೊಲದಲ್ಲೇ ಹುಟ್ಟಿದ್ದು, ಬೆರೆಸಿ ತಗೋ ಎಂದು ಅತ್ತೆ. ಅಷ್ಟರಲ್ಲಿ ದೂರದಲ್ಲಿ ಅಪ್ಪನ ಸ್ಕೂಟರಿನ ಸದ್ದು ಕೇಳಿಸಿತು. ನಲವತ್ತು ದಾಟಿದ, ಎರಡು ಮಕ್ಕಳ ತಂದೆಯಾದ ನಾನು ಏನು ಮಾಡಿದೆ ಗೊತ್ತೆ? ಕುಂಬಳಕಾಯಿ ರಾಶಿಯ ಹಿಂದೆ ಕುಕ್ಕರುಗಾಲಲ್ಲಿ ಅವಿತು ಕೂತೆ.

ಸದ್ದು ಹತ್ತಿರ ಬಂತು. ಹತ್ತಿರ ಬಂದದ್ದು ದಾಟಿ ಹೋಗಲಿಲ್ಲ! ಇಣುಕಿ ನೋಡಿದರೆ ಬೀಳು ಜಮೀನಿನಿಂದ ಒಂದು ದೊಡ್ಡ ಕುರಿಮಂದೆ ರಸ್ತೆಗೆ ಇಳಿದಿತ್ತು. ಅಂಗಡಿಯ ನೇರ ಮುಂದೆ, ಕುರಿಗಳ ನಟ್ಟನಡುವೆ, ಅಪ್ಪ ಸ್ಕೂಟರಿನ ಮೇಲೆ ಸಿಕ್ಕಿಹಾಕಿಕೊಂಡಿದ್ದರು. ಮುಂದಕ್ಕೆ ಹೋಗುವಂತಿಲ್ಲ, ಹಿಂದಕ್ಕೆ ಬರುವಂತಿಲ್ಲ. ಮುಖ ಮಾತ್ರ ಯಥಾಪ್ರಕಾರ ಟ್ರಾನ್ಸ್‌ಫಾರ್ಮರಿನ ಕಡೆಗೇ. ಕತ್ತು ನೋಯುತ್ತಿದ್ದಿರಬೇಕು, ಪಾಪ.

ಆಗ ಆ ಕಾರಿನವನು ಕೈಯಲ್ಲಿದ್ದ ಬದನೆಕಾಯಿಯನ್ನು ರಾಶಿಗೆ ಎಸೆದು ಕೂಗಿದ: "ಬೀದೀಲಿ ಕೂತು ಬದನೆಕಾಯಿ ಮಾರೋಳಿಗೆ ಇಷ್ಟು ಕೊಬ್ಬಾ?"

ಯಾರ ಮಾತಿಗೂ ಎರಡು ಮಾತು ತಿರುಗಿಸಿ ಕೊಡುವ ಅತ್ತೆ, ಆವತ್ತು ರಸ್ತೆಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಅದು ಅವಳ ಅಣ್ಣನ ಮಾತೇ ಆಗಿತ್ತು. ಅಣ್ಣ ಕೇಳುವ ಹಾಗೆ ಬೇರೆಯವನ ಬಾಯಲ್ಲಿ ಬಂದಿತ್ತು.

ಸ್ಕೂಟರಿನ ಸದ್ದು ನಿಂತಿತು. ಅಪ್ಪ ಸ್ಟ್ಯಾಂಡು ಹಾಕಿದರು. ಕುರಿಗಳನ್ನು ಮೊಣಕಾಲಲ್ಲಿ ಸರಿಸುತ್ತಾ, ಒಂದೆರಡನ್ನು ದಾಟುತ್ತಾ, ಪಂಚೆಯ ಅಂಚನ್ನು ಒಂದು ಮೇಕೆಯ ಬಾಯಿಂದ ಬಿಡಿಸಿಕೊಂಡು ನೇರ ಅಂಗಡಿಗೆ ಬಂದರು.

"ಏನಪ್ಪಾ, ಏನಂದೆ? ಇನ್ನೊಂದ್ಸಲ ಅನ್ನು."

"ನೀವ್ಯಾರ್ರೀ ಕೇಳೋಕೆ?"

ಅಪ್ಪ ಪಂಚೆ ಎತ್ತಿ ಕಟ್ಟಿದರು. ಕುಂಬಳಕಾಯಿಯ ಹಿಂದೆ ನಾನು ಇನ್ನಷ್ಟು ಕುಗ್ಗಿ ಕೂತೆ.

"ನಾನು ಇವಳ ಅಣ್ಣ. ಬೀದೀಲಿ ಕೂತಿಲ್ಲ ಕಣಯ್ಯಾ ಅವಳು, ತನ್ನ ಜಮೀನಲ್ಲಿ ಕೂತವಳೆ. ಪಹಣಿ ತೋರಿಸ್ಲಾ? ನೀನು ನಿಂತಿರೋದು ಬೀದೀಲಿ!"

ಕಾರಿನವನು ಕಾಲಕೆಳಗೆ ನೋಡಿಕೊಂಡ. ನಿಜ, ಅವನು ಡಾಂಬರಿನ ಮೇಲೇ ನಿಂತಿದ್ದ. ಗೊಣಗಿಕೊಂಡು ಕಾರು ಹತ್ತಿದ. ಹತ್ತಿದರೂ ಕುರಿಗಳು ದಾಟುವವರೆಗೆ ಹೊರಡಲಾಗದೆ, ಗಾಜು ಏರಿಸಿಕೊಂಡು ಬಹಳ ಹೊತ್ತು ಅಲ್ಲೇ ಕೂತಿರಬೇಕಾಯಿತು.

"ಲೇ, ಕುಂಬಳಕಾಯಿ ಹಿಂದೆ ಕೂತಿರೋನೇ, ಎದ್ದು ಬಾರೋ" ಅಂದರು ಅಪ್ಪ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನಿಜವಾಗಿಯೂ ಹೆಗಲು ಒರೆಸಿಕೊಳ್ಳುತ್ತಾ ಎದ್ದೆ.

ಈಗ ಅಣ್ಣ ತಂಗಿ ಎದುರುಬದುರು. ಯಾರು ಮೊದಲು ಮಾತಾಡಬೇಕು? ಅತ್ತೆಯ ಬಾಯಿಂದ ಅಭ್ಯಾಸ ಬಲದಿಂದ ಬಂದದ್ದು ಗಿರಾಕಿಯ ಮಾತೇ.

"ಏನ್ ಬೇಕಾಗಿತ್ತು?"

"ಬದನೆಕಾಯಿ" ಅಂದರು ಅಪ್ಪ.

"ಏನ್ ಮಾಡ್ತೀರಾ?"

"ಎಣ್ಣೆಗಾಯಿ."

"ಯಾರ್ ಮಾಡೋದು?"

"ಸೊಸೆ."

"ಅವಳು ಹುಳಿ ಮುಂದು ಮಾಡ್ತಾಳೆ" ಅಂದಳು ಅತ್ತೆ.

"ಹೂಂ, ನಾನೂ ಹೇಳಿ ಸಾಕಾಯ್ತು" ಅಂದರು ಅಪ್ಪ. ವರ್ಷಗಳ ಮೌನ ಮುರಿದು ಇಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ನನ್ನ ಹೆಂಡತಿಯ ಅಡುಗೆ! ನಾನು ಅವಳ ಪರ ಮಾತಾಡಬೇಕಿತ್ತು. ಶಾಂತಿ ಮಾತುಕತೆ ಕೆಡಿಸಬಾರದೆಂದು ಸುಮ್ಮನಿದ್ದೆ. ಇದನ್ನು ಅವಳು ಓದದಿರಲಿ.

ಗಲಾಟೆ ಕೇಳಿ ಹೊಲದಿಂದ ಬಂದ ಮಾವ ಅಪ್ಪನನ್ನು ಕಂಡು ಬೆರಗಾಗಿ ನಿಂತರು. "ಬನ್ನಿ ಬಾವಾ, ಮನೆಗೋಗನ, ಕಾಫಿ ಕುಡೀರಿ" ಅಂದರು. ಅಪ್ಪ ಒಂದು ಹೆಜ್ಜೆ ಎತ್ತಿದವರು ಹಾಗೇ ನಿಂತುಬಿಟ್ಟರು.

"ಇಲ್ಲ. ಅಂಗಡಿ ಇರೋವರೆಗೂ ಮನೆ ಹೊಸ್ತಿಲು ತುಳಿಯಲ್ಲ ಅಂದಿದೀನಿ. ಆಡಿದ ಮಾತು ಆಡಿದ್ದೇ."

ಅತ್ತೆಯ ಮುಖ ಇಳಿದುಹೋಯಿತು. ಅವಳು ಒಮ್ಮೆ ಬುಟ್ಟಿಗಳ ಕಡೆ ನೋಡಿದಳು, ಒಮ್ಮೆ ಚಪ್ಪರದ ಕಂಬಗಳ ಕಡೆ ನೋಡಿದಳು. ಎತ್ತಿಬಿಡುತ್ತೇನೆ ಎಂದು ಎಲ್ಲಿ ಹೇಳಿಬಿಡುತ್ತಾಳೋ ಎಂದು ನನಗೆ ಭಯವಾಯಿತು. ಇಷ್ಟು ಚಂದದ ಅಂಗಡಿ ಒಂದು ಕಾಫಿಗೆ ಬಲಿಯಾಗುವುದೆ? ಆಗ ವರ್ಷಕ್ಕೆ ನಾಲ್ಕು ಮಾತಾಡುವ ಮಾವ, ಆ ವರ್ಷದ ಲೆಕ್ಕದಲ್ಲಿ ಉಳಿಸಿಕೊಂಡಿದ್ದ ಕೊನೆಯ ಮಾತನ್ನು ಆಡಿದರು.

"ಅಂಗಡಿಗೆ ಹೊಸ್ತಿಲೆಲ್ಲೈತೆ ಬಾವಾ?"

ಅಪ್ಪ ಕೆಳಗೆ ನೋಡಿದರು. ನಾಲ್ಕು ಕಂಬ, ಮೇಲೆ ಗರಿ, ಕೆಳಗೆ ಮಣ್ಣು. ಹೊಸ್ತಿಲೂ ಇಲ್ಲ, ಬಾಗಿಲೂ ಇಲ್ಲ. ತಮ್ಮ ಮಾತು ಎಲ್ಲೂ ಮುರಿಯುವುದಿಲ್ಲ ಎಂದು ಮನದಟ್ಟು ಮಾಡಿಕೊಂಡು ಗಂಭೀರವಾಗಿ ಒಳಗೆ ಬಂದು ಗೋಣಿಚೀಲದ ಮೇಲೆ ಕೂತರು. ಕಾಫಿ ಅಲ್ಲಿಗೇ ಬಂತು. ಅತ್ತೆ ಯಾರ ಕಣ್ಣಿಗೂ ಸಿಗದಂತೆ ಹಿಂದಕ್ಕೆ ಹೋಗಿ, ರಸ್ತೆಗೆ ಬೆನ್ನು ಮಾಡಿ, ಬಾನಿಯಲ್ಲಿ ಮೂಲಂಗಿ ತೊಳೆಯುತ್ತಾ ಕೂತಳು. ಮೂಲಂಗಿ ಬೆಳಿಗ್ಗೆಯೇ ತೊಳೆದಾಗಿತ್ತು.

ಅಷ್ಟರಲ್ಲಿ ಕಡೂರಿನ ಕಡೆಯ ಸಂಸಾರವೊಂದು ಬಂದಿಳಿಯಿತು. ಮುಂದೆ ಕೂತಿದ್ದ ಅಪ್ಪನನ್ನು ಕಂಡು ಆ ಹೆಣ್ಣುಮಗಳು, "ಎಷ್ಟು ಚೆನ್ನಾಗಿದಾವೆ ಬದನೆಕಾಯಿ! ನೀವೇ ಬೆಳೆದಿದ್ದಾ ಯಜಮಾನ್ರೇ?" ಎಂದು ಕೇಳಿದರು.

ಅಪ್ಪ ಕಾಫಿ ಲೋಟ ಕೆಳಗಿಟ್ಟರು. ಎದ್ದು ನಿಂತರು. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

"ನಾನಲ್ಲಮ್ಮ. ನನ್ನ ತಂಗಿ ಬೆಳೆದಿದ್ದು."

ಹಿಂದೆ ಬಾನಿಯಲ್ಲಿ ಕೈಯಾಡುವ ಸದ್ದು ನಿಂತಿತು. "ಲೇ, ಬಾರೋ ಇಲ್ಲಿ" ಎಂದು ಅತ್ತೆ ನನ್ನನ್ನು ಕರೆದಳು. ಹೋದೆ. ಅವಳು ತಲೆ ಎತ್ತಲಿಲ್ಲ. ಕೆನ್ನೆಯೆಲ್ಲ ಒದ್ದೆಯಾಗಿತ್ತು.

"ಏನಂದ ನಿಮ್ಮಪ್ಪ?"

"ನಿಂಗೆ ಕೇಳಿಸ್ತಲ್ಲ ಅತ್ತೆ."

"ಕೇಳಿಸ್ತು ಕಣೋ" ಅಂದಳು. "ಇನ್ನೊಂದ್ಸಲ ಹೇಳ್ಸು."

ನಾನು ಸುತ್ತು ಹಾಕಿಕೊಂಡು ರಸ್ತೆಗೆ ಹೋಗಿ, ಆಗ ತಾನೆ ಬಂದ ಗಿರಾಕಿಯ ಹಾಗೆ ಅಪ್ಪನ ಮುಂದೆ ನಿಂತೆ. "ಯಜಮಾನ್ರೇ, ಇದೆಲ್ಲ ಯಾರು ಬೆಳೆದಿದ್ದು?" ಎಂದು ಕೇಳಿದೆ. ಅಪ್ಪ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಹಿಂದಕ್ಕೆ, ಅಲುಗಾಡದೆ ಕೂತಿದ್ದ ಆ ಬೆನ್ನಿನ ಕಡೆ ನೋಡಿದರು. ಅರ್ಥವಾಯಿತು. ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದರು:

"ನನ್ನ ತಂಗಿ ಬೆಳೆದಿದ್ದು ಕಣಯ್ಯಾ! ನನ್ನ ತಂಗಿ!"